ಬಯಾನ್ ಲೆಪಾಸ್‌ನಲ್ಲಿ ಅಲ್ಪವೆಚ್ಚದ ಏಕಾಂಗಿ ಪ್ರವಾಸ

ಬಯಾನ್ ಲೆಪಾಸ್ ಮಲೇಷ್ಯಾದ ಪೆನಾಂಗ್ ದ್ವೀಪದ ಆಗ್ನೇಯ ಭಾಗದ ಊರು. ಪೆನಾಂಗ್ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಇರುವುದು ಇಲ್ಲಿ. ರಾಜ್ಯದ ರಾಜಧಾನಿ ಜಾರ್ಜ್ ಟೌನ್ ಇಲ್ಲಿಂದ ಉತ್ತರಕ್ಕೆ ಸುಮಾರು 16 ಕಿ.ಮೀ. ದೂರ. ಪ್ಯಾಕೇಜ್ ಟೂರಿನ ಹಂಗಿಲ್ಲದೆ, ಜತೆಗಾರರಿಲ್ಲದೆ, ಬೆನ್ನಿಗೊಂದು ಚೀಲ ಹಾಕಿಕೊಂಡು ಕಡಿಮೆ ಖರ್ಚಿನಲ್ಲಿ ಆಗ್ನೇಯ ಏಷ್ಯಾ ಸುತ್ತುವವರು ತಪ್ಪದೆ ಮುಟ್ಟುವ ನೆಲೆಗಳಲ್ಲಿ ಪೆನಾಂಗ್ ಒಂದು. ಅವರಲ್ಲಿ ಹೆಚ್ಚಿನವರು ಬಯಾನ್ ಲೆಪಾಸ್‌ನಲ್ಲಿ ವಿಮಾನದಿಂದ ಇಳಿದು ನೇರ ಜಾರ್ಜ್ ಟೌನ್ ಸೇರುತ್ತಾರೆ, ಮತ್ತೆ ಈ ಊರಿನ ಮುಖ ನೋಡುವುದು ವಾಪಸ್ಸು ಹೊರಡುವ ದಿನವೇ. ಕೈಯಲ್ಲಿ ದುಡ್ಡು ಕಡಿಮೆ ಇರುವವರ ಮಟ್ಟಿಗೆ ಇದು ಸರಿಯಾದ ಲೆಕ್ಕವಲ್ಲ. ಜಾರ್ಜ್ ಟೌನಿನ ಹಳೆಪೇಟೆಯಲ್ಲಿ ಊಟಕ್ಕೆ ಪ್ರವಾಸಿಗರ ದರ ಬಂದುಬಿಟ್ಟಿದೆ. ಬಯಾನ್ ಲೆಪಾಸ್ ಕಾರ್ಖಾನೆ ನೌಕರರ ಊರಾಗಿಯೇ ಉಳಿದಿರುವುದರಿಂದ ಇಲ್ಲಿನ ತಟ್ಟೆಯ ಬೆಲೆ ಅವರ ಸಂಬಳಕ್ಕೆ ಹೊಂದಿಕೊಂಡಿದೆ.

ಹಿನ್ನೆಲೆ

ಬಡ ಪ್ರಯಾಣಿಕರು ಪೆನಾಂಗ್‌ಗೆ ಹೊಸಬರಲ್ಲ. 1786ರ ಆಗಸ್ಟ್‌ನಲ್ಲಿ ಫ್ರಾನ್ಸಿಸ್ ಲೈಟ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ದ್ವೀಪವನ್ನು ವಶಕ್ಕೆ ತೆಗೆದುಕೊಂಡ ಮೇಲೆ ಕೋರಮಂಡಲ ಕರಾವಳಿಯಿಂದ ಚೂಲಿಯಾ ಮುಸ್ಲಿಂ ವರ್ತಕರು, ಕೂಲಿಗಳು, ಗಡೀಪಾರಾದ ಕೈದಿಗಳು ಇಲ್ಲಿಗೆ ಬಂದರು. ಇಂದು ಬ್ಯಾಕ್‌ಪ್ಯಾಕರ್‌ಗಳು ಹಾಸಿಗೆ ಹುಡುಕುತ್ತ ಮೊದಲು ಹೋಗುವ ಲೆಬು ಚೂಲಿಯಾ ಬೀದಿಗೆ ಆ ವರ್ತಕರ ಹೆಸರೇ ಇದೆ. ಕನ್ನಡನಾಡಿನ ಚರಿತ್ರೆಯ ಒಂದು ಎಳೆಯೂ ಈ ದ್ವೀಪವನ್ನು ಹಾದುಹೋಗುತ್ತದೆ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಅದಕ್ಕೆ ಎರಡು ವರ್ಷ ಮುಂಚೆ ಮನಿಲಾ ದಂಡಯಾತ್ರೆಗೆಂದು ಹೊರಟು, ಪೆನಾಂಗ್‌ವರೆಗೆ ಬಂದು, ಮೇಲಿನವರ ಕರೆಯ ಮೇರೆಗೆ ಅಲ್ಲಿಂದಲೇ ವಾಪಸ್ಸಾಗಿದ್ದ. ದ್ವೀಪದ ಎದುರು ದಡದ ಸೆಬರಾಂಗ್ ಪೆರಾಯ್ ಪ್ರದೇಶವನ್ನು ಬ್ರಿಟಿಷರು ಬಹುಕಾಲ ಪ್ರಾವಿನ್ಸ್ ವೆಲ್ಲೆಸ್ಲಿ ಎಂದು ಕರೆದದ್ದು ಅವನ ಅಣ್ಣ, ಟಿಪ್ಪುವಿನ ಮೇಲೆ ಯುದ್ಧ ಹೂಡಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ಹೆಸರಿನಲ್ಲಿ.

20ನೆಯ ಶತಮಾನದಲ್ಲಿ ದಕ್ಷಿಣ ಭಾರತದಿಂದ ಇಲ್ಲಿಗೆ ಅತಿ ಅಗ್ಗದ ದಾರಿ ಹಡಗಿನ ಡೆಕ್ಕು. ಮದರಾಸಿನಿಂದ ನಾಗಪಟ್ಟಣ, ಪೆನಾಂಗ್, ಸಿಂಗಪುರಗಳಿಗೆ ಓಡಾಡುತ್ತಿದ್ದ 'ರಜುಲಾ', ಅದರ ನಂತರ ಬಂದ 'ಚಿದಂಬರಂ' ಹಡಗುಗಳಲ್ಲಿ ಕ್ಯಾಬಿನ್ನಿನ ದುಡ್ಡಿಲ್ಲದವರು ಡೆಕ್ಕಿನ ಟಿಕೆಟ್ಟು ತೆಗೆದುಕೊಂಡು ದಿನಗಟ್ಟಲೆ ಪ್ರಯಾಣ ಮಾಡುತ್ತಿದ್ದರು. 1985ರ ಫೆಬ್ರವರಿಯಲ್ಲಿ 'ಚಿದಂಬರಂ' ಹಡಗಿನಲ್ಲಿ ಬೆಂಕಿ ಅನಾಹುತವಾಗಿ ಆ ಕಾಲ ಮುಗಿಯಿತು. ಅದಕ್ಕೆ ಎಷ್ಟೋ ಮುಂಚೆಯೇ ಬೇರೊಂದು ಬಗೆಯ ಬಡ ಪ್ರಯಾಣಿಕರು ಬರತೊಡಗಿದ್ದರು. 1960-70ರ ದಶಕಗಳಲ್ಲಿ ಯೂರೋಪಿನಿಂದ ಬಸ್ಸು, ರೈಲು, ಲಾರಿ ಏರಿ ಭಾರತ, ನೇಪಾಳ ದಾಟಿ ಆಸ್ಟ್ರೇಲಿಯಾದ ಕಡೆಗೆ ಹೋಗುತ್ತಿದ್ದ ಯುವಕ ಯುವತಿಯರಿಗೆ ಬ್ಯಾಂಕಾಕ್ ಮತ್ತು ಸಿಂಗಪುರದ ನಡುವಣ ತಂಗುದಾಣ ಪೆನಾಂಗ್. ಥಾಯ್ಲೆಂಡಿನ ಕಾನ್ಸುಲೇಟ್ ಇಲ್ಲಿದ್ದದ್ದು ವೀಸಾ ಪಡೆಯಲು ಅವರಿಗೆ ಅನುಕೂಲವಾಯಿತು. 1975ರಲ್ಲಿ ಟೋನಿ ಮತ್ತು ಮೌರೀನ್ ವೀಲರ್ ದಂಪತಿ ಹೊರತಂದ 'ಸೌತ್‌ಈಸ್ಟ್ ಏಷ್ಯಾ ಆನ್ ಎ ಶೂಸ್ಟ್ರಿಂಗ್' ಎಂಬ ಹಳದಿ ಹೊದಿಕೆಯ ಪುಸ್ತಕ ಈ ಹಾದಿಯನ್ನು ಇನ್ನಷ್ಟು ಜನರಿಗೆ ಪರಿಚಯಿಸಿತು.

ಜಾರ್ಜ್ ಟೌನಿನಲ್ಲಿ ಅಗ್ಗದ ಕೋಣೆಗಳು ಇದ್ದದ್ದಕ್ಕೆ ಬಾಡಿಗೆ ನಿಯಂತ್ರಣ ಕಾಯಿದೆಯೂ ಒಂದು ಕಾರಣ. ಯುದ್ಧಪೂರ್ವ ಕಾಲದ ಮನೆಗಳ ಬಾಡಿಗೆಯನ್ನು ಆ ಕಾಯಿದೆ ಹಿಡಿದಿಟ್ಟಿತ್ತು. 2000ದ ಆರಂಭಕ್ಕೆ ಅದು ರದ್ದಾಯಿತು. 2008ರ ಜುಲೈನಲ್ಲಿ ನಗರ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿತು. ಬಾಡಿಗೆದಾರರು ಹೊರಟುಹೋದ ಮನೆಗಳು ಬೂಟಿಕ್ ಹೋಟೆಲುಗಳಾದವು. 2020ರ ಮಾರ್ಚ್‌ನಿಂದ 2022ರ ಏಪ್ರಿಲ್ 1ರವರೆಗೆ ಕೋವಿಡ್ ಕಾರಣಕ್ಕೆ ದೇಶದ ಗಡಿ ಮುಚ್ಚಿದ್ದಾಗ ಹಾಸ್ಟೆಲ್‌ಗಳ ಕಸುಬಿಗೆ ದೊಡ್ಡ ಪೆಟ್ಟು ಬಿತ್ತು. ಲವ್ ಲೇನ್ ಮತ್ತು ಲೆಬು ಚೂಲಿಯಾ ಇಂದಿಗೂ ಬ್ಯಾಕ್‌ಪ್ಯಾಕರ್‌ಗಳ ಕೇರಿಯೇ. ಆದರೆ ಹಾಸಿಗೆ ಅಗ್ಗಕ್ಕೆ ಸಿಕ್ಕಿದರೂ ಸುತ್ತಲಿನ ಕಾಫಿ ಅಂಗಡಿಗಳು ಅಗ್ಗವಲ್ಲ.

ಇಂಥ ಪ್ರವಾಸಕ್ಕೆ ಕನ್ನಡಿಗರು ಹೊರಟದ್ದರ ಹಿಂದೆ ಬೇರೆ ಪ್ರೇರಣೆಗಳಿವೆ. ಕನ್ನಡದಲ್ಲಿ ಪ್ರವಾಸ ಸಾಹಿತ್ಯಕ್ಕೆ ಹಿಂದಿನಿಂದಲೂ ಬರವಿಲ್ಲ. ಅದರಲ್ಲಿ ಬಹುಪಾಲು ಆಹ್ವಾನದ ಮೇಲೆಯೋ ಮಕ್ಕಳ ಮನೆಗೋ ಹೋದವರ ಬರಹ. ಸ್ವಂತ ದುಡ್ಡು ಕೂಡಿಟ್ಟು, ಸ್ವಂತ ಯೋಜನೆ ಹಾಕಿಕೊಂಡು ಹೋಗುವ ಪ್ರವಾಸದ ರುಚಿಯನ್ನು, ಅದರಲ್ಲೂ ಹೆಣ್ಣುಮಕ್ಕಳಿಗೆ, ಹತ್ತಿಸಿದ ಪುಸ್ತಕಗಳಲ್ಲಿ ನೇಮಿಚಂದ್ರರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಮುಖ್ಯವಾದದ್ದು. ಇತ್ತೀಚಿನ ತಲೆಮಾರಿಗೆ ಆ ಕೆಲಸ ಮಾಡಿದ್ದು ಯೂಟ್ಯೂಬ್. ಡಾ. ಬ್ರೋ ಎಂದು ಹೆಸರಾದ ಗಗನ್ ಶ್ರೀನಿವಾಸ್ ಕನ್ನಡದಲ್ಲೇ ಮಾತಾಡಿಕೊಂಡು ಒಬ್ಬರೇ ದೇಶದೇಶ ಅಲೆದದ್ದನ್ನು ನೋಡಿ ಮೊದಲ ಪಾಸ್‌ಪೋರ್ಟ್ ಮಾಡಿಸಿದವರು ಹಳ್ಳಿಗಳಲ್ಲೂ ಇದ್ದಾರೆ.

ಊರಿನ ಸ್ವರೂಪ

ಬಯಾನ್ ಲೆಪಾಸ್ ಮೊದಲು ಗದ್ದೆ, ತೋಟ, ಮೀನುಗಾರರ ಹಳ್ಳಿಗಳ ಸೀಮೆ. 1935ರಲ್ಲಿ ಇಲ್ಲಿ ವಿಮಾನ ನಿಲ್ದಾಣವಾಯಿತು. ಊರಿನ ಚಹರೆಯನ್ನೇ ಬದಲಿಸಿದ್ದು 1972ರಲ್ಲಿ ಶುರುವಾದ ಮುಕ್ತ ಕೈಗಾರಿಕಾ ವಲಯ. ಜಾರ್ಜ್ ಟೌನ್ ಸುಂಕರಹಿತ ಬಂದರೆಂಬ ಸ್ಥಾನ ಕಳೆದುಕೊಂಡು ಯುವಕರಿಗೆ ಕೆಲಸವಿಲ್ಲದೆ ಹೋದಾಗ, 1969ರಲ್ಲಿ ಮುಖ್ಯಮಂತ್ರಿಯಾದ ಲಿಮ್ ಚೊಂಗ್ ಯೂ ವಿದೇಶಿ ಎಲೆಕ್ಟ್ರಾನಿಕ್ಸ್ ಕಂಪನಿಗಳನ್ನು ಕರೆತಂದರು. ಇಂಟೆಲ್ ಅಮೆರಿಕದ ಹೊರಗೆ ತನ್ನ ಮೊದಲ ಜೋಡಣಾ ಘಟಕ ತೆರೆದದ್ದು ಇಲ್ಲಿ. ಎಎಂಡಿ, ಹ್ಯೂಲೆಟ್-ಪ್ಯಾಕರ್ಡ್, ನ್ಯಾಷನಲ್ ಸೆಮಿಕಂಡಕ್ಟರ್, ಹಿಟಾಚಿ, ಬಾಷ್, ಕ್ಲಾರಿಯನ್, ಲಿಟ್ರಾನಿಕ್ಸ್ ಸೇರಿ ಆರಂಭದ ಈ ಎಂಟು ಕಂಪನಿಗಳನ್ನು ಸ್ಥಳೀಯರು 'ಎಂಟು ಸಮುರಾಯ್' ಎನ್ನುತ್ತಾರೆ. ಇಂಟೆಲ್, ಎಎಂಡಿ, ಬಾಷ್‌ಗಳು ಬೆಂಗಳೂರಿನಲ್ಲೂ ಇರುವುದರಿಂದ ಕನ್ನಡಿಗ ಎಂಜಿನಿಯರುಗಳಿಗೆ ಈ ಊರಿನ ಹೆಸರು ಆಫೀಸಿನ ಮೇಲ್‌ಗಳಲ್ಲೇ ಪರಿಚಿತ.

ಬೆನ್ನುಚೀಲದ ಪ್ರವಾಸಿಗೂ ಸೆಮಿಕಂಡಕ್ಟರ್ ಕಾರ್ಖಾನೆಗೂ ಏನು ಸಂಬಂಧ ಎಂದರೆ, ಊಟದ್ದು. ಪಾಳಿಯ ಕೆಲಸಗಾರರಿಗೆ ಮಧ್ಯರಾತ್ರಿಯಲ್ಲೂ ಬೆಳಗಿನ ಜಾವದಲ್ಲೂ ಊಟ ಬೇಕು, ಅದು ದಿನಾ ಕೊಳ್ಳುವ ಬೆಲೆಗೆ ಸಿಗಬೇಕು. ಹೀಗಾಗಿ ಬಯಾನ್ ಬಾರು ಬಡಾವಣೆಯ ಮಾರುಕಟ್ಟೆ, ಅದರ ಸುತ್ತಲ 'ಹಾಕರ್' ಎನ್ನುವ ಬೀದಿ ಊಟದ ಅಂಗಡಿಗಳು, ರಾತ್ರಿಯಿಡೀ ತೆರೆದಿರುವ ಮಾಮಾಕ್ ಹೋಟೆಲುಗಳು ಬೆಳೆದವು. ತಮಿಳು ಮುಸ್ಲಿಮರು ನಡೆಸುವ ಹೋಟೆಲುಗಳಿಗೆ ಇಲ್ಲಿ ಮಾಮಾಕ್ ಎಂದು ಹೆಸರು.

ಪ್ರವೇಶ ಮತ್ತು ದಾರಿ

2023ರ ಡಿಸೆಂಬರ್ 1ರಿಂದ ಭಾರತೀಯರು ವೀಸಾ ಇಲ್ಲದೆ 30 ದಿನಗಳವರೆಗೆ ಮಲೇಷ್ಯಾದಲ್ಲಿ ಇರಬಹುದು. ಈ ಸವಲತ್ತನ್ನು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಲಾಗಿದೆ. ವೀಸಾ ಬೇಡವೆಂದರೆ ತಪಾಸಣೆ ಇಲ್ಲವೆಂದಲ್ಲ. ಮಲೇಷ್ಯಾ ತಲುಪುವ ಮುನ್ನಿನ ಮೂರು ದಿನದೊಳಗೆ ಡಿಜಿಟಲ್ ಆಗಮನ ಪತ್ರವನ್ನು ಆನ್‌ಲೈನಿನಲ್ಲಿ ತುಂಬಿರಬೇಕು. ಇದು ಉಚಿತ, ಹಣ ಕೇಳುವ ಜಾಲತಾಣಗಳು ನಕಲಿ ಅಥವಾ ದಲ್ಲಾಳಿಗಳವು. ವಲಸೆ ಅಧಿಕಾರಿಯ ಮುಂದೆ ವಾಪಸ್ಸು ಟಿಕೆಟ್ಟು, ತಂಗುವ ಜಾಗದ ಬುಕಿಂಗ್, ಸಾಕಷ್ಟು ಹಣವಿರುವ ಗುರುತು ತೋರಿಸಲು ಸಿದ್ಧವಿರಬೇಕು. ಒಬ್ಬರೇ ಬಂದ ಭಾರತೀಯ ಯುವಕರನ್ನು ಕೆಲಸ ಹುಡುಕಿಕೊಂಡು ಬಂದವರೆಂದು ಅನುಮಾನಿಸಿ ಪ್ರಶ್ನಿಸುವುದುಂಟು, ತೃಪ್ತಿಯಾಗದಿದ್ದರೆ ನಿಲ್ದಾಣದಿಂದಲೇ ಹಿಂದೆ ಕಳಿಸುವುದೂ ಉಂಟು. ಕಾಗದಗಳ ಮುದ್ರಿತ ಪ್ರತಿ ಕೈಯಲ್ಲಿದ್ದರೆ ಫೋನಿನ ಬ್ಯಾಟರಿ ನಂಬಿ ಕೂರಬೇಕಿಲ್ಲ.

ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ನೇರ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಅಲ್ಲಿಂದ ಪೆನಾಂಗ್‌ಗೆ ಇನ್ನೊಂದು ಗಂಟೆಯ ವಿಮಾನ. ಚೆನ್ನೈನಿಂದ ಇಂಡಿಗೋ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಪೆನಾಂಗ್‌ಗೆ ನೇರ ಸೇವೆ ಆರಂಭಿಸಿತು. ರಾತ್ರಿ ರೈಲಿನಲ್ಲಿ ಚೆನ್ನೈ ಮುಟ್ಟಿ ಇದನ್ನು ಹಿಡಿದರೆ ಎಷ್ಟೋ ಸಲ ಒಟ್ಟು ಖರ್ಚು ಕಡಿಮೆ ಬೀಳುತ್ತದೆ. ಅಗ್ಗದ ವಿಮಾನಗಳಲ್ಲಿ ಟಿಕೆಟ್ಟಿಗಿಂತ ಲಗೇಜಿನ ದುಡ್ಡು ಭಾರವಾಗುವುದರಿಂದ, ಏಳು ಕಿಲೋ ಮೀರದ ಒಂದೇ ಚೀಲ ಕಟ್ಟುವುದು ಬ್ಯಾಕ್‌ಪ್ಯಾಕಿಂಗಿನ ಮೊದಲ ಉಳಿತಾಯ.

ಕ್ವಾಲಾಲಂಪುರದಿಂದ ನೆಲದ ದಾರಿ ಎರಡು. ಇಟಿಎಸ್ ರೈಲು ನಾಲ್ಕು ಗಂಟೆಯ ಸುಮಾರಿಗೆ ದ್ವೀಪದ ಎದುರು ದಡದ ಬಟರ್‌ವರ್ತ್ ತಲುಪಿಸುತ್ತದೆ, ಅಲ್ಲಿಂದ ಕಡಲು ದಾಟುವ ಫೆರಿಗೆ 2 ರಿಂಗಿಟ್. ಆದರೆ ಬಯಾನ್ ಲೆಪಾಸ್‌ಗೆ ಹೊರಟವರಿಗೆ ಬಸ್ಸೇ ಹತ್ತಿರ. ಕ್ವಾಲಾಲಂಪುರದ ದಕ್ಷಿಣದ ದೊಡ್ಡ ಬಸ್ ನಿಲ್ದಾಣವಾದ ಟಿಬಿಎಸ್‌ನಿಂದ ಹೊರಡುವ ಎಕ್ಸ್‌ಪ್ರೆಸ್ ಬಸ್ಸುಗಳು 1985ರಲ್ಲಿ ತೆರೆದ ಪೆನಾಂಗ್ ಸೇತುವೆ ದಾಟಿ ಸುಂಗೈ ನಿಬೊಂಗ್ ನಿಲ್ದಾಣಕ್ಕೆ ಬರುತ್ತವೆ. ಅದು ಬಯಾನ್ ಬಾರುವಿನ ಮಗ್ಗುಲಲ್ಲೇ ಇದೆ. ರಾತ್ರಿ ಬಸ್ಸು ಹತ್ತಿದರೆ ಒಂದು ರಾತ್ರಿಯ ಕೋಣೆಬಾಡಿಗೆ ಉಳಿಯಿತು. ಕಷ್ಟವೆಂದರೆ ಐದು ಗಂಟೆಯ ದಾರಿಯಾದ್ದರಿಂದ ಬಸ್ಸು ಕೋಳಿ ಕೂಗುವ ಮುಂಚೆಯೇ ಇಳಿಸಿಬಿಡುತ್ತದೆ. ಊರ ಬಸ್ಸುಗಳು ಶುರುವಾಗುವ ತನಕ ಮಾಮಾಕ್ ಹೋಟೆಲಿನ ಬೆಂಚೇ ಗತಿ.

ಬಸ್ಸು ಮತ್ತು ಕಾಲು

ದ್ವೀಪದೊಳಗಿನ ಸಾರಿಗೆ 2007ರಿಂದ ರ‍್ಯಾಪಿಡ್ ಪೆನಾಂಗ್ ಬಸ್ಸುಗಳದ್ದು. ವಿಮಾನ ನಿಲ್ದಾಣದ ಎದುರಿನಿಂದ 401 ಮತ್ತು 401 ಇ ಬಸ್ಸುಗಳು ಹಾವಿನ ಗುಡಿ, ಸುಂಗೈ ನಿಬೊಂಗ್, ಕೊಮ್ತಾರ್ ಗೋಪುರಗಳ ಮೂಲಕ ಜಾರ್ಜ್ ಟೌನಿನ ಫೆರಿ ಜೆಟ್ಟಿಗೆ ಹೋಗುತ್ತವೆ. 401 ಇ ಇನ್ನೊಂದು ದಿಕ್ಕಿಗೆ ಬಾಲಿಕ್ ಪುಲಾವ್ ಊರಿನವರೆಗೂ ಹೋಗುತ್ತದೆ. 102ನೆಯದು ಕ್ವೀನ್ಸ್‌ಬೇ ಮಾಲ್ ಹಾದು ದ್ವೀಪದ ಉತ್ತರ ತುದಿಯ ತೆಲುಕ್ ಬಹಾಂಗ್ ಮುಟ್ಟುತ್ತದೆ. ಜೆಟ್ಟಿಯವರೆಗೆ ದರ 2 ರಿಂಗಿಟ್ 70 ಸೆನ್. ರಿಂಗಿಟ್ಟಿಗೆ 20 ರೂಪಾಯಿ ಆಸುಪಾಸು ಎಂದು ಹಿಡಿದರೆ 55 ರೂಪಾಯಿಯೊಳಗೆ. ಅದೇ ದಾರಿಗೆ ಆ್ಯಪ್‌ನಲ್ಲಿ ಕರೆಸುವ ಗ್ರ್ಯಾಬ್ ಕಾರು ಹತ್ತು ಪಟ್ಟು ಕೇಳುತ್ತದೆ.

ಕಂಡಕ್ಟರ್ ಇರುವುದಿಲ್ಲ. ಹತ್ತುವಾಗ ಚಾಲಕನಿಗೆ ಇಳಿಯುವ ಜಾಗ ಹೇಳಿ, ಅವನು ಹೇಳಿದ ದುಡ್ಡನ್ನು ಪಕ್ಕದ ಡಬ್ಬಿಗೆ ಹಾಕಿ ಟಿಕೆಟ್ಟು ತೆಗೆದುಕೊಳ್ಳಬೇಕು. ಹತ್ತರ ನೋಟು ಹಾಕಿದರೆ ಹತ್ತೂ ಹೋಯಿತು, ಚಿಲ್ಲರೆ ವಾಪಸ್ಸು ಬರುವುದಿಲ್ಲ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ನೀರಿನ ಬಾಟಲಿ ಕೊಂಡು ನೋಟು ಮುರಿಸಿಕೊಳ್ಳುವುದು, ಇಲ್ಲವೇ ಮೊದಲೇ ದುಡ್ಡು ತುಂಬಿಡುವ ಟಚ್ ಎನ್ ಗೋ ಕಾರ್ಡು ಮಾಡಿಸುವುದು ಲೇಸು. ಬಸ್ಸುಗಳ ನಡುವೆ ಅರ್ಧ ಗಂಟೆ ಕಾಯಬೇಕಾದೀತು, ಸಂಜೆ ಪಾಳಿ ಬಿಡುವ ಹೊತ್ತಿನಲ್ಲಿ ಕೈಗಾರಿಕಾ ವಲಯದ ರಸ್ತೆಗಳು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ನೆನಪು ತರುತ್ತವೆ. ಜಾರ್ಜ್ ಟೌನಿನ ಹಳೆಪೇಟೆಯೊಳಗೆ ಸುತ್ತುವ ಕ್ಯಾಟ್ ಬಸ್ಸಿಗೆ ದುಡ್ಡೇ ಇಲ್ಲ.

ಬಯಾನ್ ಲೆಪಾಸ್‌ನಲ್ಲಿ ನಡೆಯುವುದು ಜಾರ್ಜ್ ಟೌನಿನಷ್ಟು ಸುಖವಲ್ಲ. ಹೆದ್ದಾರಿಗಳು ಅಗಲ, ಕಾಲುದಾರಿ ಎಲ್ಲೆಂದರಲ್ಲಿ ಮುಗಿಯುತ್ತದೆ, ಭೂಮಧ್ಯರೇಖೆಯಿಂದ ಐದು ಡಿಗ್ರಿಯಷ್ಟೇ ದೂರವಿರುವ ಈ ಊರಿನಲ್ಲಿ ಹನ್ನೊಂದಾದ ಮೇಲೆ ಬಿಸಿಲು ನೆತ್ತಿ ಸುಡುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಹೆಚ್ಚು.

ತಂಗುವಿಕೆ

ಡಾರ್ಮಿಟರಿ ಹಾಸಿಗೆ 25ರಿಂದ 50 ರಿಂಗಿಟ್ಟಿಗೆ ಜಾರ್ಜ್ ಟೌನಿನಲ್ಲೇ ಹೆಚ್ಚು ಸಿಗುತ್ತದೆ. ಬಯಾನ್ ಲೆಪಾಸ್ ಮತ್ತು ಬಯಾನ್ ಬಾರುಗಳಲ್ಲಿ ಹಾಸ್ಟೆಲ್‌ಗಳು ವಿರಳ. ಇಲ್ಲಿರುವುದು ಕಂಪನಿ ಕೆಲಸದ ಮೇಲೆ ಬಂದವರಿಗಾಗಿ ನಡೆಯುವ ಸಣ್ಣ ಹೋಟೆಲುಗಳು, ಅಪಾರ್ಟ್‌ಮೆಂಟಿನ ಬಾಡಿಗೆ ಕೋಣೆಗಳು. ಒಬ್ಬರಿಗೆ ಇವು ಡಾರ್ಮಿಗಿಂತ ದುಬಾರಿ. ಹಾಗಾಗಿ ಮಲಗುವುದು ಜಾರ್ಜ್ ಟೌನಿನಲ್ಲಿ, ಒಂದೆರಡು ದಿನದ ಸುತ್ತಾಟ ಮತ್ತು ಊಟ ದಕ್ಷಿಣದಲ್ಲಿ ಎಂದು ಹಂಚಿಕೊಳ್ಳುವುದು ಜಾಣತನ. ಮುಂಜಾನೆಯ ವಿಮಾನವಿದ್ದರೆ ಕೊನೆಯ ರಾತ್ರಿ ಮಾತ್ರ ನಿಲ್ದಾಣದ ಹತ್ತಿರ ಕೋಣೆ ಹಿಡಿಯಬಹುದು.

ಬುಕಿಂಗ್ ಜಾಲತಾಣದಲ್ಲಿ ಕೆಲವೊಮ್ಮೆ ಕಾಣದ ಒಂದು ಖರ್ಚು ಪ್ರವಾಸೋದ್ಯಮ ತೆರಿಗೆ. 2017ರ ಸೆಪ್ಟೆಂಬರ್‌ನಿಂದ ವಿದೇಶಿಯರು ಕೋಣೆಯೊಂದಕ್ಕೆ ರಾತ್ರಿಗೆ 10 ರಿಂಗಿಟ್ ಕೊಡಬೇಕು. 30 ರಿಂಗಿಟ್ಟಿನ ಹಾಸಿಗೆಗೆ 10 ರಿಂಗಿಟ್ ತೆರಿಗೆ ಎಂದರೆ ಬಡ ಪ್ರವಾಸಿಯ ಮೇಲೆಯೇ ಹೆಚ್ಚು ಭಾರ ಹಾಕುವ ಲೆಕ್ಕ ಇದು. ಡಾರ್ಮಿಯಲ್ಲಿ ಇದನ್ನು ಹೇಗೆ ವಸೂಲು ಮಾಡುತ್ತಾರೆಂದು ಮೊದಲೇ ಕೇಳಿಕೊಳ್ಳಬೇಕು. ಕೆಲವು ಹಾಸ್ಟೆಲ್‌ಗಳಲ್ಲಿ ಸ್ವಾಗತ ಮೇಜಿನ ಕೆಲಸ ಮಾಡಿಕೊಟ್ಟರೆ ಹಾಸಿಗೆ ಪುಕ್ಕಟೆ ಎನ್ನುವ ವಾಡಿಕೆಯಿದೆ. ಪ್ರವಾಸಿ ಪ್ರವೇಶದ ಮೇಲೆ ಬಂದವರು ಇಂಥ ಕೆಲಸ ಒಪ್ಪಿಕೊಳ್ಳುವುದು ಕಾನೂನಿನ ಕಣ್ಣಿಗೆ ಅಪಾಯದ ವ್ಯವಹಾರ.

ವಿದ್ಯುತ್ ಸಾಕೆಟ್ಟುಗಳು ಬ್ರಿಟಿಷ್ ಮಾದರಿಯ ಚಪ್ಪಟೆ ಮೂರು ಕಡ್ಡಿಯವು, ನಮ್ಮ ಗುಂಡು ಪಿನ್ನು ಹಿಡಿಸುವುದಿಲ್ಲ. ಅಡಾಪ್ಟರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಅಗ್ಗ, ವಿಮಾನ ನಿಲ್ದಾಣದಲ್ಲಿ ದುಬಾರಿ. ಬಟ್ಟೆಗೆ ಬೀದಿಬೀದಿಯಲ್ಲಿ 'ದೋಬಿ' ಫಲಕದ ಸ್ವಯಂಸೇವಾ ಅಂಗಡಿಗಳಿವೆ, ಕೆಲವು ನಾಣ್ಯ ಹಾಕಿದರೆ ಮೆಷಿನ್ ಒಗೆಯುತ್ತದೆ.

ಊಟ ತಿಂಡಿ

ಪೆನಾಂಗ್‌ನಲ್ಲಿ ಬಡ ಪ್ರವಾಸಿ ಉಪವಾಸ ಬೀಳುವುದಿಲ್ಲ. ಮಾಮಾಕ್ ಹೋಟೆಲಿನ ಬಾಗಿಲಲ್ಲೇ ರೊಟಿ ಚನಾಯ್ ಮಾಡುವವನು ನಿಂತಿರುತ್ತಾನೆ. ಎಣ್ಣೆಯಲ್ಲಿ ನೆನೆದ ಮೈದಾ ಉಂಡೆಯನ್ನು ಅಂಗೈಯಲ್ಲಿ ತಟ್ಟಿ, ಗಾಳಿಯಲ್ಲಿ ಬೀಸಿ ಕಲ್ಲಿನ ಮೇಲೆ ಹಾಳೆಯಷ್ಟು ತೆಳ್ಳಗೆ ಹರಡಿ, ನಾಲ್ಕು ಮೂಲೆ ಮಡಚಿ ಕಾವಲಿಗೆ ಹಾಕುತ್ತಾನೆ. ಬೆಂದ ಮೇಲೆ ಎರಡೂ ಅಂಗೈಯಿಂದ ಚಪ್ಪಾಳೆ ಹೊಡೆದಂತೆ ಬಡಿದರೆ ಪದರ ಬಿಟ್ಟುಕೊಳ್ಳುತ್ತದೆ. ನಮ್ಮ ಪರೋಟದ ದಾಯಾದಿಯೇ. ಒಂದಕ್ಕೆ 2 ರಿಂಗಿಟ್ ಒಳಗೆ, ಬೇಳೆಸಾರು ಅದರ ಜತೆಗೇ ಬರುತ್ತದೆ. ಎತ್ತರದಿಂದ ಹುಯ್ದು ನೊರೆ ಎಬ್ಬಿಸಿದ ತೆ ತಾರಿಕ್ ಚಹಾಕ್ಕೆ ಇನ್ನೆರಡು. ಹಾಲಿನ ಪುಡಿಯಲ್ಲ, ಸಿಹಿ ಕಂಡೆನ್ಸ್‌ಡ್ ಹಾಲು ಹಾಕುತ್ತಾರೆ, ಸಕ್ಕರೆ ಕಡಿಮೆ ಬೇಕಾದರೆ 'ಕುರಾಂಗ್ ಮಾನಿಸ್' ಎನ್ನಬೇಕು.

ಮಾಂಸಾಹಾರಿಗಳಿಗೆ ನಾಸಿ ಕಂದರ್ ಪೆನಾಂಗ್‌ನ ಹೆಗ್ಗುರುತು. ತಮಿಳು ಮುಸ್ಲಿಂ ವ್ಯಾಪಾರಿಗಳು ಕಾವಡಿಯಲ್ಲಿ ಹೊತ್ತು ಬಂದರಿನ ಕೂಲಿಗಳಿಗೆ ಮಾರುತ್ತಿದ್ದ ಅನ್ನ ಸಾರು ಇಂದು ದೇಶದ ಎಲ್ಲ ಜನಾಂಗದವರ ಊಟವಾಗಿದೆ. ಅನ್ನದ ಮೇಲೆ ನಾಲ್ಕೈದು ಬಗೆಯ ಸಾರನ್ನು ಒಟ್ಟಿಗೆ ಹುಯ್ಯುವುದೇ ಅದರ ಗುಟ್ಟು. ಬೆಲೆ ನೋಡದೆ ಹೋಳುಗಳನ್ನು ತೋರಿಸುತ್ತ ಹೋದರೆ ಕೊನೆಗೆ ಬಿಲ್ಲು ಏರಿರುತ್ತದೆ. ಕೋಳಿಯ ಒಂದು ತುಂಡು, ಒಂದು ತರಕಾರಿ ಎಂದು ನಿಲ್ಲಿಸಿದರೆ 10 ರಿಂಗಿಟ್ ಸುಮಾರಿಗೆ ಮುಗಿಯುತ್ತದೆ. ದನದ ಮಾಂಸ ತಿನ್ನದವರು 'ದಾಗಿಂಗ್' ಎಂಬ ಮಾತನ್ನು ನೆನಪಿಡಬೇಕು, ಹೋಟೆಲುಗಳಲ್ಲಿ ಅದು ಸಾಮಾನ್ಯವಾಗಿ ಅದನ್ನೇ ಸೂಚಿಸುತ್ತದೆ.

ಸಸ್ಯಾಹಾರಿ ಕನ್ನಡಿಗರ ಪಾಡು ಸೂಕ್ಷ್ಮದ್ದು. ಪೆನಾಂಗ್‌ನ ಹೆಸರಾಂತ ತಿನಿಸುಗಳಲ್ಲಿ ಮೀನು ಸೀಗಡಿಗಳು ಕಣ್ಣಿಗೆ ಬೀಳದಂತೆ ಸೇರಿರುತ್ತವೆ. ಆಸಾಮ್ ಲಕ್ಸಾದ ಹುಳಿಸಾರು ಬಂಗುಡೆ ಜಾತಿಯ ಮೀನಿನದು. ಹಣ್ಣು ತರಕಾರಿಯ ಪಚಡಿಯಂತೆ ಕಾಣುವ ರೊಜಾಕ್‌ನ ಕಪ್ಪು ಗೊಜ್ಜು ಸೀಗಡಿಯದು. ನಾಸಿ ಲೆಮಾಕ್‌ನ ಸಂಬಲ್‌ನಲ್ಲಿ ಒಣಮೀನಿದೆ. ಬರೀ ಸೊಪ್ಪಿನ ಪಲ್ಯವೆಂದು ನಂಬಿ ತೆಗೆದುಕೊಂಡ ಕಾಂಗ್‌ಕುಂಗ್‌ನಲ್ಲಿ ಬೆಳಾಚಾನ್ ಎಂಬ ಸೀಗಡಿ ಹುದುಗು ಇರುತ್ತದೆ. ಮಾಮಾಕ್ ಬೇಳೆಸಾರಿಗೂ ಮೀನಿನ ಸಾರಿಗೂ ಒಂದೇ ಸೌಟು ಓಡಾಡುವುದು ಸಾಮಾನ್ಯ. ಮಡಿಯ ಲೆಕ್ಕ ಬಿಗಿಯಾಗಿರುವವರು ಇಂಥಲ್ಲಿ ಕೂರದಿರುವುದೇ ವಾಸಿ.

ಅವರಿಗೆ ದಾರಿಯಿಲ್ಲ ಎಂದಲ್ಲ. ಜಾರ್ಜ್ ಟೌನಿನ ಲಿಟಲ್ ಇಂಡಿಯಾದಲ್ಲಿ, 1833ರ ಮಹಾಮಾರಿಯಮ್ಮನ್ ಗುಡಿಯ ಆಸುಪಾಸಿನಲ್ಲಿ, ಬಾಳೆಎಲೆ ಊಟ, ಇಡ್ಲಿ, 'ತೋಸೈ' ಎಂದು ಕರೆಯುವ ದೋಸೆ ಸಿಗುತ್ತವೆ. ಆದರೆ ಹೆಚ್ಚು ಅಗ್ಗದ, ಪ್ರವಾಸಿಗಳು ಅಷ್ಟಾಗಿ ಗಮನಿಸದ ದಾರಿ ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳು. ಬಯಾನ್ ಬಾರುವಿನ ಕಡೆಯೂ ಇಂಥವು ಇವೆ. ಇಪ್ಪತ್ತು ಮೂವತ್ತು ಟ್ರೇಗಳಲ್ಲಿ ತೋಫು, ಬದನೆ, ಅಣಬೆ, ಸೋಯಾ ಮತ್ತು ಗೋಧಿಯ ಅಂಟಿನಿಂದ ಮಾಡಿದ ಹುಸಿ ಮಾಂಸ ಇಟ್ಟಿರುತ್ತಾರೆ. ಅನ್ನದ ತಟ್ಟೆ ಹಿಡಿದು ಬೇಕಾದ್ದು ಬಡಿಸಿಕೊಂಡರೆ ಅಂಗಡಿಯಾಕೆ ಒಂದು ನೋಟದಲ್ಲೇ ಅಂದಾಜು ಮಾಡಿ ಬೆಲೆ ಹೇಳುತ್ತಾಳೆ. ಮೂರು ಬಗೆಗೆ 7-8 ರಿಂಗಿಟ್ ದಾಟುವುದು ಅಪರೂಪ. ಇಲ್ಲಿ ಮೊಟ್ಟೆ ಕೆಲವೊಮ್ಮೆ ಇರುತ್ತದೆ, ಈರುಳ್ಳಿ ಬೆಳ್ಳುಳ್ಳಿ ಬಹುಮಟ್ಟಿಗೆ ಇರುವುದಿಲ್ಲ, ಹಾಗಾಗಿ ಜೈನರಿಗೂ ಮಾಧ್ವ ಮನೆತನದವರಿಗೂ ಇದು ಬೇರೆಲ್ಲಕ್ಕಿಂತ ಒಗ್ಗೀತು. ಚೀನೀ ಪಂಚಾಂಗದ ಒಂದನೆಯ ಮತ್ತು ಹದಿನೈದನೆಯ ದಿನ, ಅಂದರೆ ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ, ಭಕ್ತರೆಲ್ಲ ಸಸ್ಯಾಹಾರಕ್ಕೆ ಬರುವುದರಿಂದ ಬಗೆಗಳು ಹೆಚ್ಚು, ಸಾಲೂ ಉದ್ದ.

ಬೀದಿಬದಿಯ ಸಿಹಿತಿಂಡಿಗಳಲ್ಲಿ ಪುತು ಮಾಯಂ, ಅಂದರೆ ತೆಂಗಿನತುರಿ ಬೆಲ್ಲ ಹಾಕಿದ ಒತ್ತುಶ್ಯಾವಿಗೆ, ಮತ್ತು ತಾಳೆಬೆಲ್ಲ ತೆಂಗಿನಹಾಲಿನ ಚೆಂಡೊಲ್ ನಿರಾತಂಕ. ಮೇ ತಿಂಗಳಿನಿಂದ ಜುಲೈವರೆಗೆ ಬಾಲಿಕ್ ಪುಲಾವ್ ತೋಟಗಳ ಡುರಿಯನ್ ಹಣ್ಣಿನ ಕಾಲ. ತಿನ್ನುವುದಾದರೆ ರಸ್ತೆಬದಿಯಲ್ಲೇ ತಿಂದು ಮುಗಿಸಬೇಕು, ಹೋಟೆಲುಗಳು ಅದನ್ನು ಒಳಗೆ ಬಿಡುವುದಿಲ್ಲ.

ಹಾಸಿಗೆಗೆ 35, ತೆರಿಗೆಗೆ 10, ಮೂರು ಹೊತ್ತಿನ ಊಟಕ್ಕೆ 25, ಬಸ್ಸಿಗೆ 6, ಚಹಾ ನೀರಿಗೆ 6 ಎಂದಿಟ್ಟುಕೊಂಡರೆ ದಿನಕ್ಕೆ 80 ರಿಂಗಿಟ್ ಸುಮಾರು, ಅಂದರೆ 1600 ರೂಪಾಯಿ ಆಸುಪಾಸು ಆಗುತ್ತದೆ. ಇದಕ್ಕಿಂತ ಇಳಿಸಲು ಹೊರಟವರು ಊಟ ಬಿಡಬೇಕಾಗುತ್ತದೆ. ಊಟ ಬಿಟ್ಟು ಪೆನಾಂಗ್ ನೋಡುವುದಕ್ಕೆ ಅರ್ಥವಿಲ್ಲ.

ನೋಡುವ ಜಾಗಗಳು

ಬಯಾನ್ ಲೆಪಾಸ್ ಸುತ್ತಿನ ಒಳ್ಳೆಯ ಜಾಗಗಳಲ್ಲಿ ಹಲವು ಉಚಿತ. ಸುಂಗೈ ಕ್ಲುವಾಂಗ್‌ನ ಹಾವಿನ ಗುಡಿ 19ನೆಯ ಶತಮಾನದ್ದು, ಚೋರ್ ಸೂ ಕೊಂಗ್ ಎಂಬ ಚೀನೀ ಸನ್ಯಾಸಿಗೆ ಮೀಸಲು. ಕಾಡಿನ ಹಾವುಗಳಿಗೆ ಅವನು ಆಸರೆ ಕೊಟ್ಟಿದ್ದನೆಂದೂ, ಗುಡಿ ಕಟ್ಟಿದ ಮೇಲೆ ಹಾವುಗಳು ತಾವಾಗಿ ಬಂದವೆಂದೂ ನಂಬಿಕೆ. ಬಲಿಪೀಠದ ಪಕ್ಕದ ಒಣಕೊಂಬೆಗಳಲ್ಲಿ ಹಸಿರು ಕಪ್ಪು ಹಳದಿ ಪಟ್ಟೆಯ ಗುಳಿಮಂಡಲ ಹಾವುಗಳು ಸುತ್ತಿಕೊಂಡು ಮಲಗಿರುತ್ತವೆ. ಊದುಬತ್ತಿಯ ಹೊಗೆಗೆ ಮಂಪರು ಹಿಡಿದಿದೆ ಎಂದು ಜನ ಹೇಳುತ್ತಾರೆ. ಹಗಲಲ್ಲಿ ಅಲುಗಾಡದೆ ಕೂತು ರಾತ್ರಿ ಬೇಟೆಯಾಡುವುದು ಈ ಜಾತಿಯ ಸ್ವಭಾವವೇ ಎನ್ನುವುದು ಹೆಚ್ಚು ಸರಿಯಾದ ಉತ್ತರ. ವಿಷದ ಹಾವುಗಳು, ಮುಟ್ಟಬಾರದು. ನಾಗಬನ ನೋಡಿ ಬೆಳೆದ ಕರಾವಳಿಯವರಿಗೆ ಈ ಗುಡಿ ಅಪರಿಚಿತ ಎನಿಸಲಾರದು. ಗುಡಿಗೆ ಪ್ರವೇಶ ಉಚಿತ, ಪಕ್ಕದ ಹಾವು ಪ್ರದರ್ಶನಕ್ಕೆ ಬೇರೆ ಟಿಕೆಟ್ಟು. ಅದನ್ನು ಬಿಟ್ಟರೆ ನಷ್ಟವಿಲ್ಲ.

ದ್ವೀಪದ ಆಗ್ನೇಯ ತುದಿಯ ಬಾಟು ಮೌಂಗ್ ಮೀನುಗಾರರ ಊರು. 15ನೆಯ ಶತಮಾನದ ಚೀನೀ ನೌಕಾಪತಿ ಝೆಂಗ್ ಹೆಯ ಹೆಜ್ಜೆ ಗುರುತು ಎಂದು ಪೂಜಿಸುವ ಕಲ್ಲು ಅಲ್ಲಿನ ಪುಟ್ಟ ಗುಡಿಯಲ್ಲಿದೆ. ಅವನ ಹಡಗುಗಳು ಕೋಳಿಕ್ಕೋಡಿಗೂ ಬಂದಿದ್ದವು. ಅಲ್ಲೇ ಗುಡ್ಡದ ಮೇಲೆ 1930ರ ದಶಕದಲ್ಲಿ ಬ್ರಿಟಿಷರು ಕಟ್ಟಿದ ಕೋಟೆ 2002ರಿಂದ ಯುದ್ಧ ವಸ್ತುಸಂಗ್ರಹಾಲಯ. 1941ರ ಡಿಸೆಂಬರ್‌ನಲ್ಲಿ ಜಪಾನೀಯರು ಬರುವ ಮುಂಚೆ ಬ್ರಿಟಿಷರು ತಮ್ಮ ಜನರನ್ನಷ್ಟೇ ಗುಟ್ಟಾಗಿ ಸಾಗಿಸಿ, ದ್ವೀಪದ ಏಷ್ಯನ್ನರನ್ನು ಬಿಟ್ಟು ಹೋದ ಕಥೆ ಗೊತ್ತಿದ್ದರೆ ಕೋಟೆಯ ಸುರಂಗಗಳಿಗೆ ಹೆಚ್ಚು ಅರ್ಥ ಬರುತ್ತದೆ. ಇಲ್ಲಿಯ ಪ್ರವೇಶಶುಲ್ಕ ಬಡ ಪ್ರವಾಸಿಗೆ ಭಾರ. ಬಾಟು ಮೌಂಗ್‌ನಿಂದಲೇ 2014ರಲ್ಲಿ ತೆರೆದ 24 ಕಿ.ಮೀ. ಉದ್ದದ ಎರಡನೆಯ ಸೇತುವೆ ಎದುರು ದಡಕ್ಕೆ ಹೋಗುತ್ತದೆ.

ಕ್ವೀನ್ಸ್‌ಬೇ ಮಾಲಿನ ಹಿಂದಿನ ಕಡಲ ದಂಡೆಯಲ್ಲಿ ಸಂಜೆ ಗಾಳಿಗೆ ಊರೇ ಸೇರುತ್ತದೆ. ಎದುರಿಗೆ ಕಾಣುವ ಹಸಿರು ದ್ವೀಪ ಜೆರೆಜಾಕ್. ಕುಷ್ಠರೋಗಿಗಳ ನೆಲೆ, ಹಡಗಿನಲ್ಲಿ ಬಂದ ವಲಸಿಗರನ್ನು ತಡೆದಿಡುವ ಕ್ವಾರಂಟೈನ್ ತಾಣ, 1969ರಿಂದ 1993ರವರೆಗೆ ಸೆರೆಮನೆ ಎಲ್ಲವೂ ಆಗಿತ್ತು. ಡೆಕ್ಕಿನ ಟಿಕೆಟ್ಟಿನಲ್ಲಿ ಬಂದ ಭಾರತೀಯ ಕೂಲಿಗಳಲ್ಲಿ ಎಷ್ಟೋ ಜನ ಪೆನಾಂಗ್‌ನ ಮಣ್ಣು ಮೊದಲು ತುಳಿದದ್ದು ಅಲ್ಲಿ.

ವಿದೇಶಿಯರಿಗೆ ಬೇರೆ ದರ ವಿಧಿಸುವುದು ಪೆನಾಂಗ್‌ನ ಟಿಕೆಟ್ ಕೌಂಟರುಗಳ ರೂಢಿ. 1923ರಲ್ಲಿ ಶುರುವಾದ ಪೆನಾಂಗ್ ಹಿಲ್ ಹಳಿಬಂಡಿಗೆ ಮಲೇಷ್ಯನ್ನರು 12 ರಿಂಗಿಟ್ ಕೊಟ್ಟರೆ ಹೊರಗಿನವರು 30 ಕೊಡಬೇಕು. ಬೊಟಾನಿಕಲ್ ಗಾರ್ಡನ್ ಬಳಿಯ ಮೂನ್ ಗೇಟ್‌ನಿಂದ ಕಾಡಿನ ಮೆಟ್ಟಿಲು ಹಿಡಿದು ಹತ್ತಿದರೆ ಒಂದು ಸೆನ್ ಖರ್ಚಿಲ್ಲ, ಮೊಣಕಾಲು ಗಟ್ಟಿ ಬೇಕು ಅಷ್ಟೆ.

ಒಬ್ಬರೇ ಇರುವುದು

ಪೆನಾಂಗ್ ಒಟ್ಟಿನಲ್ಲಿ ಸುರಕ್ಷಿತ ಜಾಗ. ಇಂಗ್ಲಿಷ್ ಬಹುತೇಕ ಎಲ್ಲೆಡೆ ನಡೆಯುತ್ತದೆ, ತಮಿಳು ನಾಲ್ಕು ಮಾತು ಬಂದರೆ ಮಾಮಾಕ್ ಹೋಟೆಲಿನಲ್ಲೂ ಮನಿ ಚೇಂಜರ್ ಅಂಗಡಿಯಲ್ಲೂ ಮುಖ ಅರಳುತ್ತದೆ. ಮೋಟಾರ್ ಸೈಕಲ್ಲಿನಲ್ಲಿ ಬಂದು ಚೀಲ ಕಸಿಯುವ ಕಳ್ಳರು ಇದ್ದಾರೆ, ರಸ್ತೆಯ ಕಡೆಯ ಹೆಗಲಿಗೆ ಚೀಲ ಹಾಕದಿರುವುದು ಇಲ್ಲಿಯವರೂ ಪಾಲಿಸುವ ಎಚ್ಚರ. ಒಂಟಿ ಹೆಣ್ಣುಮಕ್ಕಳು ಮಹಿಳೆಯರಿಗೆ ಮಾತ್ರ ಮೀಸಲಾದ ಡಾರ್ಮಿ ಹುಡುಕುವುದು, ರಾತ್ರಿ ಹತ್ತರ ಮೇಲೆ ಕೈಗಾರಿಕಾ ವಲಯದ ನಿರ್ಜನ ಹೆದ್ದಾರಿ ನಿಲ್ದಾಣಗಳಲ್ಲಿ ಬಸ್ಸಿಗೆ ಕಾಯದೆ ಗ್ರ್ಯಾಬ್ ಹಿಡಿಯುವುದು ಒಳ್ಳೆಯದು. ಆ 25-30 ರಿಂಗಿಟ್ ಉಳಿಸುವ ದುಡ್ಡಲ್ಲ. ಪ್ರವಾಸ ವಿಮೆಯ ಕಂತೂ ಅದೇ ಸಾಲಿನದು. ತುರ್ತು ಕರೆಯ ಸಂಖ್ಯೆ 999.

ಮಾದಕ ವಸ್ತುವಿನ ವಿಚಾರದಲ್ಲಿ ಮಲೇಷ್ಯಾದ ಕಾನೂನು ಅತಿ ಕಠಿಣ. ಸಾಗಾಟಕ್ಕೆ ಮರಣದಂಡನೆ ಕಡ್ಡಾಯ ಎಂಬ ನಿಯಮ 2023ರಲ್ಲಿ ಹೋಯಿತು, ಆದರೆ ಶಿಕ್ಷೆಯಾಗಿ ಅದು ಪುಸ್ತಕದಲ್ಲಿ ಇನ್ನೂ ಇದೆ. ಹಾಸ್ಟೆಲಿನಲ್ಲಿ ಪರಿಚಯವಾದ ಗೆಳೆಯರ ಪೊಟ್ಟಣವನ್ನು ಗಡಿ ದಾಟಿಸಿಕೊಡಲು ಎಂದೂ ಒಪ್ಪಬಾರದು.

ಬದಲಾವಣೆ

ಬಯಾನ್ ಲೆಪಾಸ್‌ನ ದಕ್ಷಿಣ ಕಡಲಲ್ಲಿ 2023ರಿಂದ ಮಣ್ಣು ತುಂಬಿ ಸಿಲಿಕಾನ್ ಐಲ್ಯಾಂಡ್ ಎಂಬ ಕೃತಕ ದ್ವೀಪ ಕಟ್ಟುತ್ತಿದ್ದಾರೆ. ಮೀನು ಹಿಡಿಯುವ ನೀರೇ ಹೋಗುತ್ತದೆಂದು ಪರ್ಮತಾಂಗ್ ದಾಮರ್ ಲಾವುತ್ ಮುಂತಾದ ಹಳ್ಳಿಗಳ ಬೆಸ್ತರು ವರ್ಷಗಳ ಕಾಲ ವಿರೋಧಿಸಿದರು. ವಿಮಾನ ನಿಲ್ದಾಣವನ್ನು ವರ್ಷಕ್ಕೆ 65 ಲಕ್ಷದಿಂದ 1.2 ಕೋಟಿ ಪ್ರಯಾಣಿಕರ ಸಾಮರ್ಥ್ಯಕ್ಕೆ ಹಿಗ್ಗಿಸುವ ಕೆಲಸವೂ ನಡೆದಿದೆ. ಇದರಿಂದ ಊರಿನ ಬೆಲೆಗಳು ಮೇಲೇರುವ ಸಾಧ್ಯತೆಯಿದೆ, ಕಾರ್ಖಾನೆ ಊಟದ ದರ ಎಷ್ಟು ದಿನ ಉಳಿದೀತೆಂಬುದು ಹಾಕರ್‌ಗಳ ಬಾಡಿಗೆಯನ್ನು ಅವಲಂಬಿಸಿದೆ. ಕೃತಕ ದ್ವೀಪದಿಂದ ವಿಮಾನ ನಿಲ್ದಾಣ, ಜಾರ್ಜ್ ಟೌನ್ ಹಾದು ಕಡಲಾಚೆಯ ಬಟರ್‌ವರ್ತ್ ಮುಟ್ಟುವ ಮುತಿಯಾರಾ ಲಘು ರೈಲು ಮಾರ್ಗದ ಕಾಮಗಾರಿಗೆ 2025ರ ಜನವರಿಯಲ್ಲಿ ಚಾಲನೆ ಸಿಕ್ಕಿತು. ಅದು 2031ರಲ್ಲಿ ಮುಗಿಯಬೇಕೆಂಬ ಗುರಿಯಿದೆ. ಅಲ್ಲಿಯವರೆಗೆ ಬಯಾನ್ ಲೆಪಾಸ್‌ನಲ್ಲಿ ಇಳಿದವರಿಗೆ ಅಗ್ಗದ ವಾಹನವೆಂದರೆ ಚಿಲ್ಲರೆ ವಾಪಸ್ಸು ಕೊಡದ ಊರ ಬಸ್ಸೊಂದೇ.